ಪಕ್ಕದಲ್ಲಿ ಕೂತು ಕಲಿತ ಆಟ

ಪರದೆಯ ಮುಕ್ಕಾಲು ಪಾಲು ಕಪ್ಪು. ನಡುವೆ ಅಂಗೈಯಗಲದ ಜಾಗದಲ್ಲಿ ಮಾತ್ರ ಬೆಳಕು. ಅಲ್ಲೊಂದು ಕೋಟೆ, ಕೋಟೆ ಬಾಗಿಲಲ್ಲಿ ಕುದುರೆ ಏರಿದ ಒಬ್ಬ ವೀರ, ಸ್ವಲ್ಪ ದೂರದಲ್ಲಿ ಮರದ ದಿಮ್ಮಿಗಳ ರಾಶಿ. ದಿಮ್ಮಿಯ ಮೇಲೆ ಮೌಸ್ ಒತ್ತಿದರೆ ವೀರನಿಂದ ಅಲ್ಲಿಯವರೆಗೆ ಬಾಣದ ಗುರುತುಗಳ ಸಾಲು ಮೂಡುತ್ತದೆ. ಮೊದಲ ಕೆಲವು ಹಸಿರು, ಉಳಿದವು ಕೆಂಪು. ಹಸಿರು ಇರುವಷ್ಟು ದೂರ ಇವತ್ತಿನ ಪಯಣ. ಕೆಂಪು ಶುರುವಾದಲ್ಲಿಂದಾಚೆಗೆ ನಾಳೆ. 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್' ಸರಣಿಯ ಮೂರನೇ ಆಟ ಸಾಮಾನ್ಯವಾಗಿ ಶುರುವಾಗುವುದು ಹೀಗೆ. ಯಾರೂ ಓಡಿ ಬಂದು ಮೈಮೇಲೆ ಬೀಳುವುದಿಲ್ಲ. ನೀವು ಯೋಚನೆ ಮುಗಿಸಿ, ಮರಳು ಗಡಿಯಾರದ ಚಿತ್ರವಿರುವ ಗುಂಡಿ ಒತ್ತುವವರೆಗೆ ಆ ಲೋಕದಲ್ಲಿ ಹೊತ್ತು ಸರಿಯುವುದೇ ಇಲ್ಲ.

ಈ ಆಟ ಬಂದದ್ದು 1999ರಲ್ಲಿ. ಅದರ ಹಿಂದಿನ ಕೆಲವು ವರ್ಷಗಳಿಂದ ಯುದ್ಧತಂತ್ರದ ಆಟವೆಂದರೆ 'ಏಜ್ ಆಫ್ ಎಂಪೈರ್ಸ್', 'ಸ್ಟಾರ್‌ಕ್ರಾಫ್ಟ್' ಎಂಬಂತಾಗಿತ್ತು. ಅಲ್ಲಿ ಕೈ ಚುರುಕಾಗಿದ್ದವನದೇ ಗೆಲುವು. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದುದು ಅಂಥವನ್ನೇ. ಒಂದು ಭೂಪಟ ಮುಗಿಯಲು ಇಡೀ ಭಾನುವಾರ ಬೇಡುವ ಹೀರೋಸ್ ಅಲ್ಲಿ ನಡೆಯುವಂಥದ್ದಲ್ಲ. ಅದು ಮನೆಯ ಆಟ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ, ಹಾಗಾಗಿ ಅದು ಯಾರದೋ ಮನೆಗೆ ಹೋಗಿ ಆಡುವ ಆಟ. ಈ ಸರಣಿಯನ್ನು ಮೆಚ್ಚಿದವರನ್ನು ಮೊದಲು ಹೇಗೆ ಸಿಕ್ಕಿತು ಎಂದು ಕೇಳಿ ನೋಡಿ. ಅಣ್ಣನೋ, ಪಕ್ಕದ ಮನೆಯವನೋ, ಹಾಸ್ಟೆಲಿನ ರೂಮಿನವನೋ, ಒಟ್ಟಿನಲ್ಲಿ ಒಬ್ಬ ಮನುಷ್ಯನ ಹೆಸರು ಬಂದೇ ಬರುತ್ತದೆ.

ನನಗೆ ಸಿಕ್ಕಿದ್ದು ಮೈಸೂರಿನಲ್ಲಿ, ದೊಡ್ಡಮ್ಮನ ಮನೆಯಲ್ಲಿ, ಬೇಸಿಗೆ ರಜೆಯಲ್ಲಿ. ಒಂದು ಕಂಪ್ಯೂಟರ್, ನಾವು ಮೂವರು: ಅಣ್ಣ, ಅಕ್ಕ, ನಾನು. ಹೀರೋಸ್‌ನಲ್ಲಿ 'ಹಾಟ್ ಸೀಟ್' ಎಂಬ ಒಂದು ಬಗೆ ಇದೆ. ಇಂಟರ್‌ನೆಟ್ ಬೇಡ, ಎರಡನೇ ಕಂಪ್ಯೂಟರ್ ಬೇಡ. ಒಬ್ಬರ ಸರದಿ ಮುಗಿದರೆ ಮುಂದಿನವರ ಹೆಸರು ಪರದೆಯ ಮೇಲೆ ಬರುತ್ತದೆ, ಕುರ್ಚಿ ಬಿಟ್ಟುಕೊಡಬೇಕು. ಚೌಕಾಬಾರದಲ್ಲಿ ಎಲ್ಲರ ಕಾಯಿಯೂ ಎಲ್ಲರಿಗೂ ಕಾಣುತ್ತದೆ. ಇಲ್ಲಿ ಹಾಗಿಲ್ಲ, ಇನ್ನೊಬ್ಬರು ಆಡುವಾಗ ಅವರ ಭೂಪಟ ನೋಡುವಂತಿಲ್ಲ. ಅಕ್ಕನ ಸರದಿ ಬಂದರೆ ನಾನೂ ಅಣ್ಣನೂ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆವು. ಕಣ್ಣು ಮುಚ್ಚಿದರೂ ಕಿವಿ ಮುಚ್ಚುವವರಿಲ್ಲ. ಕುದುರೆ ಗೊರಸಿನ ಸದ್ದು ಎಷ್ಟು ಹೊತ್ತು ಬಂತು ಎನ್ನುವುದರ ಮೇಲೆ ಅವಳು ಎಷ್ಟು ದೂರ ನಡೆದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆವು. ವೀರ ಹೆಜ್ಜೆ ಇಟ್ಟ ನೆಲ ಬದಲಾದರೆ ಸಂಗೀತವೂ ಬದಲಾಗುತ್ತದೆ. ಹಿಮದ ರಾಗ ಕೇಳಿಸಿತೆಂದರೆ ಅವಳು ಉತ್ತರದ ಬೆಟ್ಟ ದಾಟಿದ್ದಾಳೆ ಎಂದು ಅಣ್ಣ ನನಗೆ ಕಣ್ಸನ್ನೆ ಮಾಡುತ್ತಿದ್ದ.

ಆ ರಜೆಯಲ್ಲಿ ಕಲಿತದ್ದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಕಾಳಗದ ಅಂಕಣ ಜೇನುಗೂಡಿನಂತೆ ಆರು ಮೂಲೆಯ ಮನೆಗಳಿಂದ ಆಗಿರುತ್ತದೆ. ನಿಮ್ಮ ಸೇನೆಯಲ್ಲಿ ಏಳು ದಂಡುಗಳವರೆಗೆ ಇರಬಹುದು. ಐವತ್ತು ಈಟಿಯಾಳುಗಳಿದ್ದರೂ ಅಂಕಣದ ಮೇಲೆ ಕಾಣುವುದು ಒಂದೇ ಆಕೃತಿ, ಅದರ ಕಾಲಬುಡದಲ್ಲಿ 50 ಎಂಬ ಅಂಕಿ. ನೀವು ಹೊಡೆದರೆ ಎದುರಾಳಿ ತಿರುಗಿ ಹೊಡೆಯುತ್ತಾನೆ, ಆದರೆ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದೇ ಸಲ. ಅಣ್ಣ ಹೇಳಿಕೊಟ್ಟದ್ದು ಇದು: "ಒಬ್ಬನ್ನ ಬೇರೆ ಮಾಡಿ ಮೊದಲು ಕಳ್ಸು. ಅವರು ತಿರುಗಿ ಹೊಡೆಯೋದು ಅವನ ಮೇಲೆ ಮುಗಿದುಹೋಗುತ್ತೆ. ಆಮೇಲೆ ದೊಡ್ಡ ದಂಡು ನುಗ್ಸು." ಒಬ್ಬ ಈಟಿಯಾಳು ಬಿದ್ದ, ಉಳಿದ ನಲವತ್ತೊಂಬತ್ತು ಜನ ಗಾಯವಿಲ್ಲದೆ ಗೆದ್ದರು. ನಾನು ಕುಣಿದಾಡುತ್ತಿರುವಾಗಲೇ ಅವನು ಇನ್ನೊಂದು ಸೇರಿಸಿದ: "ಗ್ರಿಫಿನ್ ಹತ್ರ ಮಾತ್ರ ಇದು ನಡೆಯಲ್ಲ ಕಣೋ, ಅದು ಎರಡು ಸಲ ತಿರುಗಿ ಹೊಡೆಯುತ್ತೆ." ಬಲಿತ ಗ್ರಿಫಿನ್‌ಗಂತೂ ಮಿತಿಯೇ ಇಲ್ಲ. ಹೀಗೆ ಒಂದು ನಿಯಮ, ಅದರ ಬೆನ್ನಿಗೇ ಆ ನಿಯಮ ಮುರಿಯುವ ಒಂದು ಪ್ರಾಣಿ. ಇಡೀ ಆಟವನ್ನು ಕಟ್ಟಿರುವುದು ಈ ಜೋಡಿಗಳ ಮೇಲೆ.

ಅಣ್ಣನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು. ದಾರಿಯಲ್ಲಿ ನಿಂತ ಶತ್ರುಗಳು ಎಷ್ಟು ಜನ ಎಂದು ಆಟ ನಿಖರವಾಗಿ ಹೇಳುವುದಿಲ್ಲ, ಒಂದು ಅಂದಾಜು ಮಾತು ಕೊಡುತ್ತದೆ. 'ಲಾಟ್ಸ್' ಎಂದರೆ 20ರಿಂದ 49, 'ಹೋರ್ಡ್' ಎಂದರೆ 50ರಿಂದ 99, 'ಲೀಜನ್' ಎಂದರೆ ಸಾವಿರ ಮತ್ತು ಅದಕ್ಕೂ ಮೇಲೆ. ಹೋರ್ಡ್ ಎಂದು ಕಂಡದ್ದು ಐವತ್ತೋ ತೊಂಬತ್ತೆಂಟೋ ಎನ್ನುವುದು ಎದುರು ನಿಂತ ಮೇಲೆಯೇ ಗೊತ್ತಾಗುವುದು. ಪರದೆಯ ಮೇಲೆ ಎಲ್ಲೂ ಇಲ್ಲದ ಈ ಪಟ್ಟಿ ಕೈಬರಹದಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು.

ಅಕ್ಕ ಯಾವಾಗಲೂ ಆರಿಸಿಕೊಳ್ಳುತ್ತಿದ್ದುದು ನೆಕ್ರೊಪೊಲಿಸ್. ಸತ್ತವರ ಪಟ್ಟಣ. ಅಲ್ಲಿನ ವೀರ ಯುದ್ಧ ಗೆದ್ದರೆ ಬಿದ್ದ ಶತ್ರುಗಳಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವನ ಹಿಂದೆ ನಡೆಯುತ್ತವೆ. "ನೀವು ಎಷ್ಟು ಜನರನ್ನ ಕಳ್ಸಿದ್ರೂ ಕೊನೆಗೆ ನನ್ನ ಕಡೆಗೇ ಬರ್ತಾರೆ" ಎನ್ನುತ್ತಿದ್ದಳು. ಮೂರನೇ ಆಟದಲ್ಲಿ ಇಂಥ ಎಂಟು ಪಟ್ಟಣಗಳು. ಒಂದೊಂದರಲ್ಲಿ ಏಳು ಜಾತಿಯ ಜೀವಿಗಳು, ಒಂದೊಂದಕ್ಕೂ ಬಲಿತ ರೂಪ. ಟವರ್ ಎಂಬ ಹಿಮನಾಡಿನ ಪಟ್ಟಣದಲ್ಲಿ ನಮ್ಮ ನಾಗಕನ್ನಿಕೆಯನ್ನು ಕಂಡು ಮೂವರೂ ಬೆರಗಾದೆವು. ಸೊಂಟದಿಂದ ಕೆಳಗೆ ಹಾವು, ಮೇಲೆ ಹೆಣ್ಣು, ಹಲವು ಕೈಗಳಲ್ಲಿ ಕತ್ತಿ. ಅವಳು ಹೊಡೆದರೆ ಎದುರಾಳಿ ತಿರುಗಿ ಹೊಡೆಯುವಂತೆಯೇ ಇಲ್ಲ. ಗ್ರೀಕರ ಮೆಡುಸಾ, ಅರಬ್ಬರ ಜೀನಿ, ಯೂರೋಪಿನ ಡ್ರ್ಯಾಗನ್‌ಗಳ ಸಾಲಿನಲ್ಲಿ ನಾಗಿಣಿಗೂ ಒಂದು ಮನೆ. ಮುಂದೆ ಐದನೇ ಆಟದಲ್ಲಿ ರಾಕ್ಷಸ ರಾಣಿಯೂ ರಾಜನೂ ಸೇರಿಕೊಂಡರು.

ಇದನ್ನೆಲ್ಲ ಕಟ್ಟಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆಯವರು. ಅದರ ಸ್ಥಾಪಕ ಜಾನ್ ವ್ಯಾನ್ ಕ್ಯಾನೆಗಮ್ 1986ರ ಮೊದಲ 'ಮೈಟ್ ಅಂಡ್ ಮ್ಯಾಜಿಕ್' ಅನ್ನು ಬಹುಮಟ್ಟಿಗೆ ಒಬ್ಬರೇ ಕೂತು, ವರ್ಷಗಟ್ಟಲೆ ದುಡಿದು ಆಪಲ್ ಟು ಕಂಪ್ಯೂಟರಿಗಾಗಿ ಬರೆದವರು. 1990ರ 'ಕಿಂಗ್ಸ್ ಬೌಂಟಿ'ಯಲ್ಲಿ ಒಬ್ಬ ವೀರ ಸೇನೆ ಕಟ್ಟಿಕೊಂಡು ನಾಡು ಸುತ್ತುತ್ತಾನೆ. ಅದೇ ಬೀಜ. 1995ರಲ್ಲಿ ಅದಕ್ಕೆ ಎದುರಾಳಿ ವೀರರನ್ನೂ ಕಟ್ಟಿ ಬೆಳೆಸುವ ಪಟ್ಟಣಗಳನ್ನೂ ಸೇರಿಸಿ ಮೊದಲ ಹೀರೋಸ್ ಬಂತು. ಮರುವರ್ಷ ಎರಡನೆಯದು: ತಂದೆಯ ಸಿಂಹಾಸನಕ್ಕಾಗಿ ರೋಲಂಡ್, ಆರ್ಚಿಬಾಲ್ಡ್ ಎಂಬ ಅಣ್ಣತಮ್ಮಂದಿರ ಕಾದಾಟ. ಯಾರ ಪಕ್ಷ ಎಂದು ನೀವೇ ಆರಿಸಬೇಕು, ನಡುವೆ ಪಕ್ಷ ಬದಲಿಸುವ ಅವಕಾಶವೂ ಉಂಟು. ಪಟ್ಟಣದೊಳಗೆ ಕಾಲಿಟ್ಟರೆ ಒಪೆರಾ ಗಾಯನ ಕೇಳಿಸುವ ಆಟವೂ ಅದೇ. ಪಾಲ್ ರೊಮೆರೊ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಪಿಯಾನೋ ವಾದಕ. ಅವರೂ ರಾಬ್ ಕಿಂಗ್ ಅವರೂ ಕೂಡಿ ಕೊಟ್ಟ ಸಂಗೀತ ಈ ಸರಣಿಯ ಅರ್ಧ ಪ್ರಾಣ. ರಾಂಪಾರ್ಟ್ ಎಂಬ ಕಾಡಿನ ಪಟ್ಟಣದ ರಾಗ ಕೇಳಲೆಂದೇ, ಏನೂ ಕಟ್ಟಿಸದೆ, ಆ ಪರದೆ ತೆರೆದು ಕೂತಿರುತ್ತಿದ್ದವರನ್ನು ನಾನು ಬಲ್ಲೆ.

ಹೊಸಬರನ್ನು ಹಿಡಿದು ಕೂರಿಸುವುದು ವಾರದ ಲೆಕ್ಕ. ಒಂದು ಪಟ್ಟಣದಲ್ಲಿ ದಿನಕ್ಕೆ ಒಂದೇ ಕಟ್ಟಡ. ಏಳು ದಿನಕ್ಕೆ ವಾರ, ನಾಲ್ಕು ವಾರಕ್ಕೆ ತಿಂಗಳು. ವಾರದ ಮೊದಲ ದಿನ ಹೊಸ ಸೈನಿಕರು ಸಿಗುತ್ತಾರೆ. ಆ ದಿನ ಜ್ಯೋತಿಷಿಗಳು ಈ ವಾರ ಯಾವ ಪ್ರಾಣಿಯದೆಂದು ಸಾರುತ್ತಾರೆ, ಒಮ್ಮೊಮ್ಮೆ ತಿಂಗಳ ಮೊದಲಿಗೆ ಪ್ಲೇಗ್ ಎಂದು ಸಾರಿ ಎಲ್ಲರ ಸಂಖ್ಯೆ ಅರ್ಧಕ್ಕಿಳಿಸುತ್ತಾರೆ. ಊರ ಚಾವಡಿ ದಿನಕ್ಕೆ 500 ಚಿನ್ನದ ನಾಣ್ಯ ಕೊಡುತ್ತದೆ. ಅದನ್ನು ಹಂತಹಂತವಾಗಿ ಬೆಳೆಸಿ ಕ್ಯಾಪಿಟಲ್ ಮಾಡಿದರೆ 4000. ಅಲ್ಲಿಯವರೆಗೆ ಚಾವಡಿಗೆ ಖರ್ಚು ಮಾಡಿದ ಒಂದೊಂದು ದಿನವೂ ಸೈನ್ಯಕ್ಕೆ ಕಟ್ಟದೆ ಬಿಟ್ಟ ದಿನ. ದುಡ್ಡು ಮೊದಲೋ ದಂಡು ಮೊದಲೋ? ಇದಕ್ಕೆ ಉತ್ತರ ಪಕ್ಕದಲ್ಲಿ ಯಾರು ಕೂತಿದ್ದಾರೆ ಎನ್ನುವುದನ್ನು ಅವಲಂಬಿಸಿದೆ. ಅಣ್ಣನಂಥವನು ಎರಡನೇ ವಾರಕ್ಕೇ ಬಾಗಿಲು ತಟ್ಟುತ್ತಾನೆ ಎಂದು ಗೊತ್ತಿದ್ದರೆ ಚಾವಡಿ ಕಾಯಬೇಕು. ಅಕ್ಕ ಮೂಲೆಯಲ್ಲಿ ಸುಮ್ಮನೆ ಅಸ್ಥಿಪಂಜರ ಕೂಡಿಹಾಕುತ್ತಿದ್ದಾಳೆ ಎಂದು ಗೊತ್ತಿದ್ದರೆ ಕಾಯುವ ಹಾಗೇ ಇಲ್ಲ. ಕಂಪ್ಯೂಟರ್ ಎದುರಾಳಿಯ ಜೊತೆ ಆಡುವಾಗ ಈ ಸ್ವಾದ ನನಗೆ ಎಂದೂ ಸಿಕ್ಕಿಲ್ಲ.

ಪೋಲೆಂಡ್, ರಷ್ಯಾ ಮತ್ತು ಅಕ್ಕಪಕ್ಕದ ನಾಡುಗಳಲ್ಲಿ ಈ ಸರಣಿ ತವರಿಗಿಂತ ಹೆಚ್ಚು ಬೇರುಬಿಟ್ಟದ್ದಕ್ಕೂ ಹೀಗೆ ಪಕ್ಕದಲ್ಲಿ ಕೂತು ಆಡುವ ಸ್ವಾದವೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಆಗಷ್ಟೇ ಮನೆಗಳಿಗೆ ಕಂಪ್ಯೂಟರ್ ಬರುತ್ತಿದ್ದ ಕಾಲ, ಇಂಟರ್‌ನೆಟ್ ದುಬಾರಿ, ಇದ್ದ ಒಂದು ಯಂತ್ರದ ಮುಂದೆ ನಾಲ್ಕಾರು ಜನ. ಸಾಧಾರಣ ಕಂಪ್ಯೂಟರಿನಲ್ಲೂ ಓಡುವ, ಒಂದೇ ಕುರ್ಚಿಯನ್ನು ಹಂಚಿಕೊಂಡು ಆಡುವ ಆಟ ಅಂಥ ಮನೆಗಳಿಗೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಅಪ್ಪ ಆಡಿದ ಆಟವನ್ನು ಈಗ ಮಗ ಆಡುತ್ತಿದ್ದಾನೆ. ಪೋಲೆಂಡಿನ ಆರ್ಕನ್ ಸ್ಟುಡಿಯೊ ಎಂಬ ಕಂಪನಿ 2022ರಲ್ಲಿ ಜನರಿಂದಲೇ ಹಣ ಕೂಡಿಸಿ ಮೂರನೇ ಹೀರೋಸ್ ಅನ್ನು ಮೇಜಿನ ಮೇಲೆ ಹರಡಿ ಆಡುವ ಆಟವನ್ನಾಗಿ ರೂಪಿಸಿತು.

ಮೊದಲು ಕಂಡ ರೂಪದ ಮೇಲೆ ಜನರಿಗೆ ಎಷ್ಟು ಮಮಕಾರ ಎನ್ನುವುದಕ್ಕೆ ಫೋರ್ಜ್ ಪ್ರಸಂಗ ಸಾಕು. 1999ರ 'ಆರ್ಮಗೆಡನ್ಸ್ ಬ್ಲೇಡ್' ವಿಸ್ತರಣೆಗೆ ಯಂತ್ರಗಳೂ ಆಧುನಿಕ ಆಯುಧಗಳೂ ಇರುವ ಫೋರ್ಜ್ ಎಂಬ ಪಟ್ಟಣವನ್ನು ಸೇರಿಸಲು ಹೊರಟಿದ್ದರು. ಕಥೆಯ ಮಟ್ಟಿಗೆ ಅದು ತಪ್ಪೇನಲ್ಲ. ಮೈಟ್ ಅಂಡ್ ಮ್ಯಾಜಿಕ್ ಲೋಕದ ತಳದಲ್ಲಿ ಮೊದಲಿನಿಂದಲೂ ಬಾಹ್ಯಾಕಾಶದ ಕಥೆ ಅಡಗಿದೆ. ಆದರೆ ಹೀರೋಸ್ ಮೂಲಕ ಒಳಬಂದವರು ಕಂಡದ್ದು ಕೋಟೆ, ಕುದುರೆ, ಡ್ರ್ಯಾಗನ್. ಅವರು ಎಬ್ಬಿಸಿದ ವಿರೋಧಕ್ಕೆ ಫೋರ್ಜ್ ಕೈಬಿಟ್ಟುಹೋಗಿ, ಪಂಚಭೂತದಂಥ ಶಕ್ತಿಗಳ ಕಾನ್‌ಫ್ಲಕ್ಸ್ ಆ ಜಾಗಕ್ಕೆ ಬಂತು. ಫೋರ್ಜ್ ಬಂದಿದ್ದರೆ ಏನಾಗುತ್ತಿತ್ತೋ, ಕಾನ್‌ಫ್ಲಕ್ಸ್ ಮಾತ್ರ ಅವಸರದಲ್ಲಿ ಹೊಲಿದ ಅಂಗಿಯಂತೆ ಇಂದಿಗೂ ಆ ಸಾಲಿನಲ್ಲಿ ಹೊಂದುವುದಿಲ್ಲ.

ಮುಂದಿನದು ಚುಟುಕಾಗಿ ಹೇಳಬಹುದಾದ ಕಥೆ. 2002ರಲ್ಲಿ ನಾಲ್ಕನೆಯದು ಬಂತು. ಮರುವರ್ಷ ಒಡೆಯ ಸಂಸ್ಥೆ ತ್ರೀಡಿಒ ದಿವಾಳಿಯಾಯಿತು, ಯೂಬಿಸಾಫ್ಟ್ 13 ಲಕ್ಷ ಡಾಲರಿಗೆ ಹಕ್ಕು ಕೊಂಡಿತು. ಐದನೆಯದನ್ನು ರಷ್ಯಾದ ನಿವಾಲ್, ಆರನೆಯದನ್ನು ಹಂಗೆರಿಯ ಬ್ಲ್ಯಾಕ್ ಹೋಲ್, ಏಳನೆಯದನ್ನು ಜರ್ಮನಿಯ ಲಿಂಬಿಕ್ ಮಾಡಿದವು. 2015ರಲ್ಲಿ ಮೂರನೆಯದಕ್ಕೆ ಹೊಸ ಹೊಳಪು ಕೊಟ್ಟ ಎಚ್‌ಡಿ ಆವೃತ್ತಿ ಬಂದಾಗ ಅದರಲ್ಲಿ ವಿಸ್ತರಣೆಗಳಿರಲಿಲ್ಲ, ಅವುಗಳ ಮೂಲ ಕೋಡ್ ಕಳೆದುಹೋಗಿತ್ತು. ಕಂಪನಿ ಕಳೆದುಕೊಂಡದ್ದನ್ನು ಅಭಿಮಾನಿಗಳು ಅಷ್ಟರಲ್ಲಾಗಲೇ ಬೇರೆ ದಾರಿಯಲ್ಲಿ ಬೆಳೆಸುತ್ತಿದ್ದರು. 2011ರ ಕೊನೆಗೆ ಬಂದ 'ಹಾರ್ನ್ ಆಫ್ ದಿ ಅಬಿಸ್' ಎಂಬ ಉಚಿತ ವಿಸ್ತರಣೆ ಕಡಲ್ಗಳ್ಳರ ಕೋವ್ ಪಟ್ಟಣವನ್ನು ತಂದಿತು. ಹೊಸ ಚಿತ್ರ, ಹೊಸ ಸಂಗೀತ, ಹೊಸ ಜೀವಿಗಳು. ಮೂಲದ್ದರ ಪಕ್ಕ ಇಟ್ಟರೆ ಬೇರೆಯವರ ಕೈ ಎಂದು ಗೊತ್ತಾಗದಷ್ಟು ಹದವಾದ ಕೆಲಸ. ಆಮೇಲೆ ಅವರೇ ಫ್ಯಾಕ್ಟರಿ ಎಂಬ ಯಂತ್ರಗಳ ಪಟ್ಟಣವನ್ನೂ ಕಟ್ಟಿದರು, ಮತ್ತು ಜನ ಅದನ್ನು ಸಂತೋಷದಿಂದ ಒಪ್ಪಿಕೊಂಡರು. ಹತ್ತಾರು ವರ್ಷ ಆ ಲೋಕದಲ್ಲಿ ಓಡಾಡಿದವರಿಗೆ ಯಂತ್ರವನ್ನು ಎಲ್ಲಿ, ಎಷ್ಟು ಇಟ್ಟರೆ ಆ ಲೋಕ ಕೆಡುವುದಿಲ್ಲ ಎನ್ನುವುದು ಗೊತ್ತಿತ್ತು.

2024ರಲ್ಲಿ 'ಓಲ್ಡನ್ ಎರಾ' ಎಂಬ ಹೊಸ ಹೀರೋಸ್ ಘೋಷಣೆಯಾಯಿತು, ಅನ್‌ಫ್ರೋಜನ್ ಎಂಬ ತಂಡದ ಕೈಯಲ್ಲಿ. ಅದನ್ನು ನೋಡಿ ಈ ಸರಣಿಗೆ ಮೊದಲ ಸಲ ಬರುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ನನ್ನ ಸಲಹೆ ಮೂರನೆಯದರಿಂದಲೇ ಶುರುಮಾಡಿ ಎಂದು. ಕಂಪನಿಯೇ ತಂದ ಎರಡೂ ವಿಸ್ತರಣೆ ಸೇರಿದ ಕಂಪ್ಲೀಟ್ ಆವೃತ್ತಿ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲಿಗೆ ಚಿಕ್ಕ ಭೂಪಟ ಆರಿಸಿ. ಪಟ್ಟಣ ಕ್ಯಾಸಲ್ ಇರಲಿ. ಬಿಲ್ಲುಗಾರರು ಬೇಗ ಸಿಗುತ್ತಾರೆ, ಗ್ರಿಫಿನ್ ಎರಡು ಸಲ ತಿರುಗಿ ಹೊಡೆಯುತ್ತದೆ, ಕೊನೆಗೆ ಏಂಜೆಲ್‌ಗಳು ಬರುತ್ತಾರೆ. ಒಬ್ಬರೇ ಆಡುವ ಕ್ಯಾಂಪೇನ್ ಆಮೇಲೆ ನೋಡಿಕೊಂಡರಾಯಿತು. ಹಾಟ್ ಸೀಟ್ ಆರಿಸಿ, ತಮ್ಮನನ್ನೋ ಗೆಳತಿಯನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಾಳಿಗೆ ನೆಕ್ರೊಪೊಲಿಸ್ ಮಾತ್ರ ಬಿಟ್ಟುಕೊಡಬೇಡಿ.