ಬಿಡುವಿನ ಯಂತ್ರಗಳ ಶ್ರಮದಾನ

ಮನೆಯ ಮೇಜಿನ ಮೇಲಿರುವ ಗಣಕಯಂತ್ರವು ತನ್ನ ಆಯುಷ್ಯದ ಬಹುಭಾಗವನ್ನು ಯಜಮಾನನ ಅಪ್ಪಣೆಗಾಗಿ ಕಾಯುವದರಲ್ಲಿಯೇ ಕಳೆಯುವದೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಗಮನಿಸಿರುವರು? ನಾವು ಒಂದು ಅಕ್ಷರವನ್ನೊತ್ತಿ ಮುಂದಿನದಕ್ಕೆ ಬೆರಳೆತ್ತುವಷ್ಟರಲ್ಲಿ ಅದು ಕೋಟಿಗಟ್ಟಲೆ ಲೆಕ್ಕಗಳನ್ನು ಮುಗಿಸಬಲ್ಲದು. ಈ ಶಕ್ತಿಯನ್ನು ಜನರಿಂದ ಬೇಡಿ ಪಡೆದು ಶಾಸ್ತ್ರಕಾರ್ಯಕ್ಕೆ ಹಚ್ಚಬೇಕೆಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯವರು 1999ನೆಯ ಇಸವಿಯ ಮೇ ತಿಂಗಳಲ್ಲಿ ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯನ್ನು ತೊಡಗಿದರು. ಪೋರ್ಟೊ ರಿಕೊ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕವು ಆಕಾಶದಿಂದ ಹಿಡಿದ ಸದ್ದನ್ನು ತುಂಡುತುಂಡಾಗಿ ಜಗತ್ತಿನ ಗೃಹಸ್ಥರ ಯಂತ್ರಗಳಿಗೆ ಕಳಿಸಿ, ಬುದ್ಧಿಯುಳ್ಳ ಅನ್ಯಲೋಕ ಜೀವಿಗಳ ಸುಳಿವನ್ನು ಅದರಲ್ಲಿ ಹುಡುಕುವದು ಅವರ ಉದ್ದೇಶವಾಗಿದ್ದಿತು. ಹತ್ತಾರು ಲಕ್ಷ ಜನರು ಒಂದು ಕಾಸಿನ ಪ್ರತಿಫಲವಿಲ್ಲದೆ ಮುಂದೆ ಬಂದರು.

ಆದರೆ ಮನುಷ್ಯಸ್ವಭಾವವು ದಾನದಲ್ಲಿಯೂ ಮೇಲಾಟವನ್ನು ಬಿಡದು. ಮಾಡಿದ ಕೆಲಸಕ್ಕೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸಿದ ಮಾತ್ರಕ್ಕೆ, ಕೆಲವರು ಪಟ್ಟಿಯಲ್ಲಿ ಮೇಲೇರುವದಕ್ಕಾಗಿ ತಂತ್ರಾಂಶವನ್ನೇ ತಿದ್ದತೊಡಗಿದರು! ಸುಳ್ಳು ಉತ್ತರಗಳು ನಿಜದೊಡನೆ ಬೆರೆತವು. ಗುಟ್ಟು ಕಾಯ್ದರೆ ಕಳ್ಳತನ ತಪ್ಪುವದೆಂಬ ನಂಬಿಕೆ ಇಲ್ಲಿ ಸುಳ್ಳಾಯಿತು.

ಅದೇ ಶಾಖೆಯ ಡೇವಿಡ್ ಆಂಡರ್ಸನ್ನರು 2002ರಿಂದ ಕಟ್ಟತೊಡಗಿದ ‘ಬಾಯಿಂಕ್’ ಎಂಬ ಮುಕ್ತ ತಂತ್ರಾಂಶವು ಇದಕ್ಕೆ ಬೇರೆಯೇ ದಾರಿ ಹಿಡಿಯಿತು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗಾದರೆ ಮೋಸಗಾರನಿಗೆ ಬಾಗಿಲು ತೆರೆದಂತಾಗಲಿಲ್ಲವೇ? ತೆರೆದಂತೆಯೇ ಸರಿ. ಆದುದರಿಂದಲೇ ಭರವಸೆಯನ್ನು ಗುಟ್ಟಿನಲ್ಲಿಡದೆ ತಾಳೆ ನೋಡುವದರಲ್ಲಿಟ್ಟರು. ಒಂದೇ ತುಂಡನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕಳಿಸುವದು. ಉತ್ತರಗಳು ಕೂಡಿದರೆ ಒಪ್ಪುವದು, ಕೂಡದಿದ್ದರೆ ಮೂರನೆಯವನನ್ನು ಕೇಳುವದು. ಲೆಕ್ಕ ತಪಾಸಣೆಯ ಅಧಿಕಾರಿಗಳಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಒಂದೇ ಕೆಲಸವನ್ನು ಎರಡು ಸಲ ಮಾಡಿಸುವ ನಷ್ಟವು ಇದರಲ್ಲಿದ್ದರೂ, ಯಂತ್ರವು ತಾನಾಗಿ ಮಾಡುವ ತಪ್ಪೂ ಇದರಿಂದ ಸಿಕ್ಕಿಬೀಳುವದು.

ಈ ತಂತ್ರಾಂಶದಿಂದಲೇ ನಡೆಯುವ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ 2010ರಲ್ಲಿ ಒಂದು ಹೊಸ ಪಲ್ಸಾರ್ ನಕ್ಷತ್ರವು ದೊರೆಯಿತು. ಅದು ಸೆಕೆಂಡಿಗೆ ಸುಮಾರು 41 ಬಾರಿ ತಿರುಗುವಂಥದು. ಅದನ್ನು ಕಂಡ ಯಂತ್ರಗಳಲ್ಲೊಂದು ಅಮೇರಿಕೆಯ ಅಯೋವಾ ಸಂಸ್ಥಾನದಲ್ಲಿ, ಇನ್ನೊಂದು ಜರ್ಮನಿಯ ಮೈಂತ್ಸ್ ನಗರದಲ್ಲಿ ಇದ್ದವು. ಎರಡು ಖಂಡಗಳ ಅಪರಿಚಿತರ ಉತ್ತರಗಳು ಒಂದಕ್ಕೊಂದು ಸಾಕ್ಷಿ ನುಡಿದವು. ಆಕ್ಸ್‌ಫರ್ಡಿನವರ ಹವಾಮಾನ ಗಣಿತವೂ ವಾಷಿಂಗ್ಟನ್ ವಿಶ್ವವಿದ್ಯಾಲಯದವರ ಪ್ರೋಟೀನ್ ಶೋಧವೂ ಇದೇ ತಂತ್ರಾಂಶವನ್ನು ನೆಚ್ಚಿದವು. ಸ್ವಂತ ಮಹಾಗಣಕವನ್ನು ಕೊಳ್ಳಲಾರದ ಶೋಧಕನಿಗೆ ಇದು ಸಣ್ಣ ಅನುಕೂಲವಲ್ಲ.

ಆದರೂ ಇದು ಖರ್ಚಿಲ್ಲದ ದಾನವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಇಂದಿನ ಯಂತ್ರಗಳು ಬಿಡುವಿನಲ್ಲಿ ಅಲ್ಪ ವಿದ್ಯುತ್ತಿನಿಂದ ನಿದ್ರಿಸುವವು. ಲೆಕ್ಕಕ್ಕೆ ಹಚ್ಚಿದೊಡನೆ ಯಂತ್ರವೂ ಬಿಸಿಯೇರುವದು, ವಿದ್ಯುತ್ ಬಿಲ್ಲೂ ಏರುವದು. ಎಷ್ಟು ಹೊತ್ತು, ಎಷ್ಟು ಶಕ್ತಿ ಎಂಬ ಮಿತಿಯನ್ನು ದಾನಿಯು ಗೊತ್ತುಪಡಿಸಬಹುದಾಗಿದೆ, ಗೊತ್ತುಪಡಿಸುವದೇ ಲೇಸು. ಕಚೇರಿಯ ಯಂತ್ರವನ್ನಂತೂ ಮೇಲಧಿಕಾರಿಗಳ ಅನುಮತಿಯಿಲ್ಲದೆ ಇದಕ್ಕೆ ಕೊಡತಕ್ಕದ್ದಲ್ಲ.

ಬರ್ಕ್ಲಿಯವರು 2020ನೆಯ ಇಸವಿಯ ಮಾರ್ಚ್ 31ರಂದು ತಮ್ಮ ಆಕಾಶಶೋಧದ ತುಂಡುಗಳನ್ನು ಹಂಚುವದನ್ನು ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅರೆಸಿಬೊ ದೂರದರ್ಶಕವೂ ಕುಸಿದುಬಿದ್ದಿತು. ಅನ್ಯಲೋಕದ ಸಂದೇಶವಾವುದೂ ಸಿಕ್ಕಲಿಲ್ಲ. ಆ ಶೋಧಕ್ಕೆಂದು ಹುಟ್ಟಿದ ತಂತ್ರಾಂಶವು ಮಾತ್ರ ಬೇರೆಯವರ ಕೆಲಸದಲ್ಲಿ ಇನ್ನೂ ಓಡುತ್ತಿದೆ.