ಅಣ್ಣಿಗೇರಿಯಿಂದ ಬೇಲೂರಿಗೆ: ಶಿಲ್ಪಪರಂಪರೆಯ ಸಾತತ್ಯ ಮತ್ತು ಜನಪದ ಸ್ಮೃತಿ

ಆಳಿದವರು ಅಳಿದ ಮೇಲೂ ಅವರ ಸಂಸ್ಕೃತಿ ಗೆದ್ದವರ ಹೆಸರಿನಲ್ಲಿ ಬದುಕುವುದುಂಟು. ಇಟಲಿಯ ಎಟ್ರುಸ್ಕನ್ನರು ಇದಕ್ಕೆ ಪ್ರಸಿದ್ಧ ನಿದರ್ಶನ. ಸಾಂಪ್ರದಾಯಿಕ ಕಾಲಗಣನೆಯಂತೆ ಆ ಮೂಲದ ಟಾರ್ಕ್ವಿನ್ ಅರಸರು ಕ್ರಿ.ಪೂ. 616ರಲ್ಲಿ ರೋಮಿನ ಸಿಂಹಾಸನವನ್ನೇರಿದರು, ಕ್ರಿ.ಪೂ. 509ರಲ್ಲಿ ಪದಚ್ಯುತರಾದರು. ಲಿಪಿ, ಬಲಿಪಶುವಿನ ಯಕೃತ್ತನ್ನು ನೋಡಿ ಹೇಳುವ ಶಕುನ, ಅಧಿಕಾರದ ಲಾಂಛನಗಳು ರೋಮನ್ನರಲ್ಲಿ ಉಳಿದವು. ಕ್ಯಾಪಿಟೋಲಿನ್ ಗುಡಿಯ ಜೂಪಿಟರ್ ಮೂರ್ತಿಗಾಗಿ ವೇಯಿ ನಗರದ ಶಿಲ್ಪಿ ವುಲ್ಕನನ್ನು ಕರೆಸಲಾಯಿತೆಂದು ಪ್ಲಿನಿ ಬರೆದಿದ್ದಾನೆ. ಅದೇ ವೇಯಿಯನ್ನು ಕ್ರಿ.ಪೂ. 396ರಲ್ಲಿ ರೋಮ್ ಗೆದ್ದುಕೊಂಡಿತು.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಪ್ರಕರಣವೆಂದರೆ ಕಲ್ಯಾಣ ಚಾಲುಕ್ಯರು ಮತ್ತು ಅವರ ಸಾಮಂತರಾಗಿದ್ದ ಹೊಯ್ಸಳರ ಸಂಬಂಧ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ. ನಾಲ್ವಡಿ ಸೋಮೇಶ್ವರನ ಕಾಲದಲ್ಲಿ ಚಾಲುಕ್ಯರ ಕೊನೆಯ ರಾಜಧಾನಿ. ಇಲ್ಲಿಯ ಅಮೃತೇಶ್ವರ ದೇವಾಲಯವು 1050ರ ಸುಮಾರಿನದು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನ ಸ್ಥಾನದಲ್ಲಿ ಬಳಪದ ಕಲ್ಲನ್ನು ಬಳಸಿದ ತೊಡಗಿನ ರಚನೆಗಳಲ್ಲಿ ಇದೂ ಒಂದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ಸೂಕ್ಷ್ಮ ಕೆತ್ತನೆಗೂ, ಕಡೆದು ನುಣುಪುಗೊಳಿಸಿದ ಕಂಬಗಳಿಗೂ ಅನುಕೂಲವಾಯಿತು. ಕುಂದಗೋಳದ ಶಂಭುಲಿಂಗ ದೇವಾಲಯವೂ ಇದೇ ಪರಂಪರೆಗೆ ಸೇರಿದುದು. ನಕ್ಷತ್ರಾಕಾರದ ತಲವಿನ್ಯಾಸವು ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಚಾಲುಕ್ಯ ರೂಪದಲ್ಲಿಯೇ ದೊರೆಯುತ್ತದೆ. ಹೊಯ್ಸಳರು ಇವನ್ನು ಸ್ವೀಕರಿಸಿ, ವಿಶಾಲ ಜಗತಿ ಹಾಗೂ ಸಾಲುಪಟ್ಟಿಕೆಗಳಿಂದ ತಮ್ಮದೇ ಶೈಲಿಯನ್ನು ರೂಪಿಸಿಕೊಂಡರು.

ಈ ಸಂಕ್ರಮಣ ನಡೆದದ್ದು ಕೈಗಳ ಮೂಲಕ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣನ ರುಜುಗಳಿವೆ. ಬಳ್ಳಿಗಾವೆ ಚಾಲುಕ್ಯರ ಬನವಾಸಿ ನಾಡಿನ ಕೇಂದ್ರ. ವುಲ್ಕನಂತೆ ಇವರೂ ಹೊರನಾಡಿನಿಂದ ಬಂದ ಕುಶಲಕರ್ಮಿಗಳು.

ಜಾನಪದ ಸಂಶೋಧಕನಿಗೆ ಇಲ್ಲೊಂದು ಮುಖ್ಯ ಸುಳಿವಿದೆ. ಧಾರವಾಡ ಭಾಗದ ಹಳ್ಳಿಗಳಲ್ಲಿ ಹಳೆಯ ಕಲ್ಲುಗುಡಿಯನ್ನು ‘ಜಕಣಾಚಾರಿ ಕಟ್ಟಿದ್ದು’ ಎನ್ನುವ ವಾಡಿಕೆಯಿದೆ. ಬೇಲೂರಿನ ಐತಿಹ್ಯದ ನಾಯಕನೂ ಅವನೇ. ಬೇಲೂರಿನ ಶಿಲ್ಪಿಗಳ ರುಜುಗಳಲ್ಲಿ ಆ ಹೆಸರಿಲ್ಲವೆಂದು ಇತಿಹಾಸಕಾರರು ಕಥೆಯನ್ನು ಬದಿಗಿರಿಸುತ್ತಾರೆ. ಆದರೆ ಕಥೆಯ ಆಶಯಗಳನ್ನು ಗಮನಿಸಬೇಕು: ಊರು ಬಿಟ್ಟು ಅಲೆಯುವ ಶಿಲ್ಪಿ, ತಂದೆಯ ದೋಷವನ್ನು ತೋರಿಸುವ ಮಗ, ವಂಶದಲ್ಲಿ ಹರಿಯುವ ವಿದ್ಯೆ. ಕಥೆಯ ಜಕಣ–ಡಂಕಣರು ಶಾಸನದ ದಾಸೋಜ–ಚಾವಣರೇ ಎನ್ನಲಾಗದು. ಆದರೂ ಎರಡೂ ಆಕರಗಳು ಒಂದೇ ವೃತ್ತಿಜೀವನವನ್ನು ಸೂಚಿಸುತ್ತವೆ. ರಾಜವಂಶಗಳ ಹೆಸರಿನಲ್ಲಿ ಚರಿತ್ರೆ ತುಂಡರಿಸಿದ ಪರಂಪರೆಯನ್ನು ಐತಿಹ್ಯವು ಒಬ್ಬನೇ ಆಚಾರಿಯಲ್ಲಿ ಒಂದುಗೂಡಿಸಿದೆ.

ಹೋಲಿಕೆಗೆ ಮಿತಿಯೂ ಇದೆ. ಎಟ್ರುಸ್ಕನ್ ನುಡಿ ಲ್ಯಾಟಿನ್ನಿಗೆ ಸಂಬಂಧಿಸಿದುದಲ್ಲ, ಮುಂದೆ ಅದು ಅಳಿಯಿತು. ಚಕ್ರವರ್ತಿ ಕ್ಲಾಡಿಯಸನು ಅವರನ್ನು ಕುರಿತು ಬರೆದ ಗ್ರಂಥವೂ ನಷ್ಟವಾಗಿದೆ. ನಮ್ಮಲ್ಲಿ ಕೊಟ್ಟವರ, ಪಡೆದವರ ನುಡಿ ಒಂದೇ ಕನ್ನಡ. ಶಾಸನಗಳೂ ಓದಲು ದೊರೆಯುತ್ತವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವದ ಬೇರುಗಳು ಬೆಳ್ವೊಲದ ಕಪ್ಪು ನೆಲದಲ್ಲಿಯೂ ಇವೆ. ಆದ್ದರಿಂದ ಅಣ್ಣಿಗೇರಿ, ಕುಂದಗೋಳಗಳ ಗುಡಿಗಳ ಜೊತೆಗೆ, ಅವುಗಳ ಸುತ್ತಲಿನ ಐತಿಹ್ಯಗಳನ್ನೂ ಹೇಳುವವರು ಇರುವಾಗಲೇ ಊರೂರಿನ ಪಾಠಾಂತರಗಳೊಡನೆ ಸಂಗ್ರಹಿಸುವುದು ಅಗತ್ಯ.