ಹಗ್ಗದಾಚೆಯ ಪುಟ್ಟ ಹಕ್ಕಿ

2019ರ ಜುಲೈ ಕೊನೆಯ ವಾರ. ಅಮೆರಿಕದ ಷಿಕಾಗೋದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಕಾಲೇಜು ಓದುವ ಮೊಮ್ಮಗ ಮುಖ ಊದಿಸಿಕೊಂಡು ಕುಳಿತಿದ್ದ. ಮಾಂಟ್ರೋಸ್ ಬೀಚಿನಲ್ಲಿ ಆಗಸ್ಟ್ ತಿಂಗಳು ನಡೆಯಬೇಕಿದ್ದ ದೊಡ್ಡ ಸಂಗೀತೋತ್ಸವ ರದ್ದಾಗಿತ್ತು. ಗೆಳೆಯರೆಲ್ಲ ಸೇರಿ ಟಿಕೆಟ್ ಕೊಂಡಿದ್ದರು.

"ಎರಡು ಹಕ್ಕಿಗೋಸ್ಕರ, ತಾತ!" ಎಂದ.

"ಹಾಗಾದರೆ ಆ ಹಕ್ಕಿಗಳನ್ನೇ ನೋಡಿ ಬರೋಣ ನಡಿ" ಎಂದೆ.

ಮಿಷಿಗನ್ ಸರೋವರ ಹೆಸರಿಗೆ ಸರೋವರ. ಆಚೆ ದಡ ಕಾಣದು, ಸಮುದ್ರವೇ ಸರಿ. ಮರಳಿನ ಒಂದು ಭಾಗಕ್ಕೆ ಹಗ್ಗ ಕಟ್ಟಿದ್ದರು. ಅಲ್ಲಿ ಕಾವಲಿದ್ದ ಸ್ವಯಂಸೇವಕಿಯೊಬ್ಬರು ನಮ್ಮನ್ನು ಹಗ್ಗದ ಈಚೆಗೇ ನಿಲ್ಲಿಸಿ ದುರ್ಬೀನು ಕೊಟ್ಟರು.

ಎಷ್ಟು ನೋಡಿದರೂ ಬರೀ ಮರಳು. ಇದ್ದಕ್ಕಿದ್ದಂತೆ ಮರಳಿನ ಚೂರೊಂದು ಓಡಿತು! ಓಡಿ ನಿಂತಿತು, ಮತ್ತೆ ಓಡಿತು. ಮರಳಿನದೇ ಬಣ್ಣ, ಕಿತ್ತಳೆ ಕಾಲು, ಕೊರಳಿಗೊಂದು ಕಪ್ಪು ಪಟ್ಟಿ. ಅದೇ ಪೈಪಿಂಗ್ ಪ್ಲವರ್. ನಮ್ಮ ಕೆರೆ ಬಯಲಿನ ಟಿಟ್ಟಿಭದ ಬಳಗದ ಹಕ್ಕಿ. ತೂಕ ಸುಮಾರು 50 ಗ್ರಾಂ. ಅದರ ಹಿಂದೆ ಹತ್ತಿಯುಂಡೆಯಂಥ ಮರಿ.

ಈ ಹಕ್ಕಿ ಬಯಲು ಮರಳಿನಲ್ಲೇ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ನಾಯಿ ಓಡಿದರೂ, ಜನ ತುಳಿದರೂ ಮುಗಿಯಿತು. 1980ರ ದಶಕದಲ್ಲಿ ಅಲ್ಲಿನ ಮಹಾ ಸರೋವರಗಳ ಸುತ್ತ 20 ಜೋಡಿಗಳೂ ಉಳಿದಿರಲಿಲ್ಲ. ಷಿಕಾಗೋದಲ್ಲಂತೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗೂಡನ್ನೇ ಕಂಡಿರಲಿಲ್ಲ. ಆ ವರ್ಷ ಬಂದ ಜೋಡಿಗೆ ಜನ ಬೀಚಿನ ಹೆಸರನ್ನೇ ಒಡೆದು ಮಾಂಟಿ, ರೋಸ್ ಎಂದು ಹೆಸರಿಟ್ಟರು. ಮೊದಲು ಇಟ್ಟ ಮೊಟ್ಟೆಗಳ ಬಳಿಗೆ ಸರೋವರದ ನೀರು ಏರಿ ಬಂದಿತು. ಎದೆಗುಂದದೆ ಅವು ಮತ್ತೆ ಮೊಟ್ಟೆ ಇಟ್ಟವು. ಮೂರು ಮರಿಗಳಾದವು, ಕೊನೆಗೆ ರೆಕ್ಕೆ ಬಲಿತು ಹಾರಿದ್ದು ಎರಡು.

ಮೊಮ್ಮಗ ದುರ್ಬೀನನ್ನು ನನಗೆ ಹಿಂತಿರುಗಿಸಲೇ ಇಲ್ಲ. ಫೋಟೋ ತೆಗೆಯಲು ಒಂದು ಹೆಜ್ಜೆ ಮುಂದಿಟ್ಟವನು ತಾನೇ ಹಿಂದೆ ಸರಿದ.

ಬದುಕಿಡೀ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಉತ್ಸವದ ಹಣ ಇಂದು ಹೋದರೆ ನಾಳೆ ಬಂದೀತು. ಒಂದು ಹಕ್ಕಿಯ ಕುಲವೇ ಅಳಿದರೆ ಅದು ಯಾವ ಖಾತೆಗೂ ಮತ್ತೆ ಜಮೆಯಾಗದು.

ಮಾಂಟಿ 2022ರಲ್ಲಿ ಅದೇ ಬೀಚಿನಲ್ಲಿ ಸತ್ತಿತು. ರೋಸ್ ಮರಳಿ ಬರಲಿಲ್ಲ. ಆದರೆ ಅದೇ ವರ್ಷ ಅವುಗಳ ಮಗ ಇಮಾನಿ ಹುಟ್ಟಿದ ಮರಳನ್ನು ಹುಡುಕಿಕೊಂಡು ಬಂತು. 2024ರಲ್ಲಿ ಒಂದು ದಿನ ಮೊಮ್ಮಗನ ಫೋನು: "ತಾತ, ಇಮಾನಿಗೆ ಮರಿಯಾಗಿದೆ!" ಟಿಕೆಟಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಕ್ಕಳೇ, ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿನಲ್ಲೂ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅಂಥ ಕಡೆ ಬಲೆಯೋ ಹಗ್ಗವೋ ಕಂಡರೆ ಅಜ್ಜ ಅಜ್ಜಿಯ ಕೈ ಹಿಡಿದು ಈಚೆಗೇ ನಿಲ್ಲಿ. ದೂರ ನಿಂತವರಿಗೇ ಅವು ಕಾಣಿಸಿಕೊಳ್ಳುವುದು.